ಅಂಕಲ್‌ಜೀ, ಅಲ್ಲಾಡಬೇಡಿ

ಅಲ್ಲಾಡದೆ ಕೂತವನ ಎದುರಿಗೆ ಎಲ್ಲವೂ ನಡೆಯುತ್ತದೆ. ಸ್ವಲ್ಪ ಹೊತ್ತಿಗೆ ಜನ ಅವನನ್ನು ಮರೆತುಬಿಡುತ್ತಾರೆ. ಗೋಡೆ, ಬಾಗಿಲು, ಮುದುಕ, ಎಲ್ಲ ಒಂದೇ. ಹಾಗಾಗಿ ಇಂಥ ಕಥೆಗಳು ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ನಾನು ಹುಡುಕಿಕೊಂಡು ಹೋಗುವುದಿಲ್ಲ. ಹೋಗುವ ಹಾಗೂ ಇಲ್ಲ. ಕೂತಿರುವುದೇ ನನ್ನ ಕೆಲಸ.

ದೆಹಲಿಯ ಒಂದು ಚಿತ್ರಕಲಾ ಕಾಲೇಜಿನಲ್ಲಿ ನಾನು ಮಾಡೆಲ್. ಊರಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಹುಡುಗರು ನನ್ನನ್ನು ನೋಡಿ ಚಿತ್ರ ಬರೆಯುತ್ತಾರೆ, ನಾನು ಕೂತಿರುತ್ತೇನೆ. ಅಷ್ಟೇ.

ಕೂತದ್ದಕ್ಕೆ ಕೂಲಿ

ಮೂವತ್ತು ವರ್ಷ ಒಂದು ಆಫೀಸಿನ ಗೇಟಿನಲ್ಲಿ ನಿಂತೆ. ರಿಟೈರ್ ಆದೆ. ಆಮೇಲೆ ಹೆಂಡತಿ ಹೋದಳು. ಮಕ್ಕಳಿಲ್ಲ. ಸರೋಜಿನಿ ನಗರದ ಹಿಂದೆ ಒಂದು ಕೋಣೆ, ಅದರಲ್ಲಿ ಒಂದು ಕುರ್ಚಿ, ಅವಳ ಹೊಲಿಗೆ ಮೆಷಿನ್. ನಾನು ಕುರ್ಚಿಯಲ್ಲಿ ಕೂತೆ. ಎಂಟು ತಿಂಗಳು ಕೂತೆ.

ಕೆಳಗೆ ಇಸ್ತ್ರಿ ಹಾಕುವ ಭಯ್ಯಾ ಇದ್ದ. ನನ್ನನ್ನು ನೋಡಿ ನೋಡಿ ಅವನಿಗೇ ಬೇಸರ ಬಂತು.

"ಅಂಕಲ್‌ಜೀ, ಇಲ್ಲಿ ಬಿಟ್ಟಿ ಕೂತಿದ್ದೀರಿ. ನನ್ನ ಭಾವ ಒಂದು ಕಾಲೇಜಿನಲ್ಲಿ ಕಸ ಗುಡಿಸ್ತಾನೆ. ಅಲ್ಲಿ ಕೂತರೆ ಕೂಲಿ ಕೊಡ್ತಾರಂತೆ."

"ಏನು ಮಾಡಬೇಕು?"

"ಏನೂ ಮಾಡಬಾರದು."

"ಅದು ನನಗೆ ಬರುತ್ತೆ" ಅಂದೆ.

ನಿಜ ಹೇಳಬೇಕೆಂದರೆ ಕೂಲಿಗಾಗಿ ಹೋಗಲಿಲ್ಲ. ಹೆಂಡತಿಯ ಫೋಟೋ ನನ್ನ ಹತ್ತಿರ ಒಂದೇ ಇತ್ತು. ಆಧಾರ್ ಕಾರ್ಡಿನದು. ಅದರಲ್ಲಿ ಅವಳು ಪೊಲೀಸರು ಹಿಡಿದುಕೊಂಡು ಬಂದವಳ ಹಾಗಿದ್ದಾಳೆ. ಮದುವೆಯ ದಿನ ಫೋಟೋದವನು ಇಡೀ ದಿನ ಕ್ಲಿಕ್ ಅನ್ನಿಸಿದ್ದ. ಸಂಜೆ ನೋಡಿದರೆ ಕ್ಯಾಮೆರಾಕ್ಕೆ ರೀಲು ಹಾಕುವುದನ್ನೇ ಮರೆತಿದ್ದ. ಅವಳ ಮುಖ ನೆನೆಸಿಕೊಂಡರೆ ಹಣೆ ಬರುತ್ತಿತ್ತು. ಕಣ್ಣು ಬರುತ್ತಿತ್ತು. ಮೂಗುಬೊಟ್ಟು ಬರುತ್ತಿತ್ತು. ತುಟಿಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ತುಟಿಯಿಲ್ಲದ ಮುಖ ಮುಖವೇ? ದಿನ ಹೋದಂತೆ ಉಳಿದದ್ದೂ ಮಾಸತೊಡಗಿತು. ಕಾಲೇಜಿನಲ್ಲಿ ಚಿತ್ರ ಬರೆಯುವವರು ಇರುತ್ತಾರಲ್ಲ, ಪೂರ್ತಿ ಅಳಿಸಿಹೋಗುವ ಮೊದಲು ಒಂದು ಬರೆಸಿಕೊಳ್ಳೋಣ ಅಂತ ಹೋದೆ.

ಪಾಠ ಹೇಳುವ ಮ್ಯಾಡಮ್ ನನ್ನ ಎಂಟು ತಿಂಗಳ ಗಡ್ಡ ನೋಡಿದರು. "ಎಂಥ ಮುಖ! ಸೋಮವಾರದಿಂದ ಬನ್ನಿ" ಅಂದರು.

ಮೂವತ್ತು ವರ್ಷ ನೌಕರಿ ಮಾಡಿದವನು ನಾನು. ಕೆಲಸದ ಮೊದಲ ದಿನ ಹೇಗೆ ಹೋಗಬೇಕೆಂದು ಗೊತ್ತಿಲ್ಲವೇ? ಗಡ್ಡ ಬೋಳಿಸಿದೆ. ತಲೆಗೆ ಕಪ್ಪು ಹಚ್ಚಿದೆ. ಇಸ್ತ್ರಿ ಭಯ್ಯಾ ಅಂಗಿಯನ್ನು ಹಪ್ಪಳದ ಹಾಗೆ ಮಾಡಿಕೊಟ್ಟ.

ಮ್ಯಾಡಮ್ ನನ್ನನ್ನು ನೋಡಿ, ನನ್ನ ಹಿಂದಿನ ಬಾಗಿಲನ್ನು ನೋಡಿದರು.

"ಮೊನ್ನೆ ಬಂದಿದ್ದ ಹಿರಿಯರು ಎಲ್ಲಿ? ನೀವು ಅವರ ತಮ್ಮನಾ?"

"ನಾನೇ ಮ್ಯಾಡಮ್."

ಅವರು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟರು.

"ಮನೆಗೆ ಹೋಗಿ. ಮುದುಕರಾಗಿ ಬನ್ನಿ."

ಮೊಳೆ

ಮುದುಕನಾಗುವುದಕ್ಕೆ ಒಂದು ತಿಂಗಳು ಹಿಡಿಯಿತು. ಮತ್ತೆ ಹೋದೆ.

ಕೆಲಸ ಹೀಗೆ. ಒಂದು ಕಟ್ಟೆ, ಅದರ ಮೇಲೆ ಕುರ್ಚಿ. ಕೂತ ಮೇಲೆ ಪಾದಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ನಡುವೆ ಚಹಾಕ್ಕೆ ಬಿಡುತ್ತಾರೆ. ಕುಡಿದು ಬಂದು ಪಾದವನ್ನು ಅದೇ ಗೆರೆಯೊಳಗೆ ಇಡಬೇಕು, ಕೈಯನ್ನು ಮೊದಲಿದ್ದಲ್ಲೇ ಇಡಬೇಕು. ಕಣ್ಣಿಗೂ ಒಂದು ಜಾಗ ಕೊಡುತ್ತಾರೆ. ಎದುರು ಗೋಡೆಯಲ್ಲಿ ಒಂದು ಖಾಲಿ ಮೊಳೆ ಇತ್ತು. "ಅದನ್ನೇ ನೋಡ್ತಾ ಇರಿ" ಅಂದರು ಮ್ಯಾಡಮ್. ಇಡೀ ವರ್ಷ ಆ ಮೊಳೆ ನೋಡಿದೆ. ಹೆಂಡತಿಯನ್ನು ಅಷ್ಟು ಹೊತ್ತು ನೋಡಿದ್ದರೆ ಅವಳ ಮುಖ ಯಾಕೆ ಮರೆಯುತ್ತಿತ್ತು?

ಒಂದು ಬೆರಳು ಅಲ್ಲಾಡಿದರೂ ಇಪ್ಪತ್ತು ಜನ ಒಟ್ಟಿಗೆ ಕೂಗುತ್ತಾರೆ. "ಅಂಕಲ್‌ಜೀ, ಹಿಲಿಯೇ ಮತ್!" ಅಲ್ಲಾಡಬೇಡಿ ಅಂತ. ನೊಣ ಮೂಗಿನ ಮೇಲೆ ಕೂತರೆ ನೊಣಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಎರಡು ತಿಂಗಳಲ್ಲಿ ಅಭ್ಯಾಸವಾಗಿಹೋಯಿತು. ಒಂದು ಸಂಜೆ ಮೆಟ್ರೋದಲ್ಲಿ ಸೀಟು ಸಿಕ್ಕಿತು. ಎದುರಿಗೆ ಒಂದು ಸ್ಕ್ರೂ ಕಂಡಿತು. ನೋಡುತ್ತಾ ಕೂತೆ. ಪಕ್ಕದ ಹೆಂಗಸು ಸ್ವಲ್ಪ ಸರಿಯಿರಿ ಅಂದಳಂತೆ. ನಾನು ಸರಿಯಲಿಲ್ಲ. ಆಕೆ ಭುಜ ಮುಟ್ಟಿದಳು. ಮೂಗಿನ ಕೆಳಗೆ ಬೆರಳಿಟ್ಟಳು. "ಅಯ್ಯೋ, ನೋಡಿ ಭಾಯಿಸಾಬ್, ಅಂಕಲ್‌ಜೀ ಹೋಗಿಬಿಟ್ಟಿದ್ದಾರೆ!" ಜನ ಸೇರಿದರು. ಒಬ್ಬರು ಟೋಪಿ ತೆಗೆದರು. ನನಗೆ ಎಲ್ಲ ಕೇಳುತ್ತಿತ್ತು. ಆದರೆ ಚಹಾದ ಹೊತ್ತು ಆಗಿಲ್ಲವಲ್ಲ ಅಂತ ತಲೆಯಲ್ಲಿತ್ತು.

ಅಷ್ಟರಲ್ಲಿ ನನ್ನ ಸ್ಟೇಷನ್ ಬಂತು. ಎದ್ದೆ.

ಇಡೀ ಬೋಗಿ ಕಿರುಚಿತು. ದೆಹಲಿ ಮೆಟ್ರೋದಲ್ಲಿ ಸಂಜೆ ಆರು ಗಂಟೆಗೆ ಇಳಿಯುವುದಕ್ಕೆ ದಾರಿ ಬಿಟ್ಟದ್ದು ನನ್ನೊಬ್ಬನಿಗೇ ಇರಬೇಕು.

ಒಂದು ಕಿವಿ

ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ದೆಹಲಿಯದೇ ರೋಹಿಣಿ ಬಡಾವಣೆಯಿಂದ ಬರುತ್ತಿದ್ದ. ಉದ್ದ, ಸಣ್ಣ, ಮಾತು ಕಡಿಮೆ. ಎಲ್ಲರೂ ನನ್ನ ಮುಖ ಕಾಣುವ ಕಡೆ ಜಾಗಕ್ಕೆ ಕಿತ್ತಾಡಿದರೆ ಇವನು ಮೊದಲ ದಿನದಿಂದ ನನ್ನ ಬೆನ್ನ ಹಿಂದೆ ಕೂತ. ದಿನಾ ಅಲ್ಲೇ.

ಮ್ಯಾಡಮ್ ಕೇಳಿದರು. "ಎಲ್ಲರೂ ಮುಖ ಬರೀತಾರೆ. ನೀನೊಬ್ಬ ಯಾಕಪ್ಪಾ ಹಿಂದೆ?"

"ಮ್ಯಾಡಮ್, ಇವರ ಬೆನ್ನಿನಲ್ಲಿ ಬಹಳ ದುಃಖ ಇದೆ."

ಮ್ಯಾಡಮ್ ಕರಗಿಹೋದರು. ಉಳಿದವರಿಗೆ ಹೇಳಿದರು. "ನೋಡಿ, ಕಲಾವಿದ ಹೀಗೆ ನೋಡಬೇಕು." ಅವತ್ತಿಡೀ ನಾನು ಬೆನ್ನನ್ನು ಇನ್ನಷ್ಟು ದುಃಖದಲ್ಲಿ ಇಟ್ಟುಕೊಂಡು ಕೂತೆ. ಹುಡುಗ ಕಷ್ಟಪಡುತ್ತಿದ್ದಾನೆ, ನಮ್ಮ ಕೈಲಾದದ್ದು ಮಾಡೋಣ ಅಂತ.

ಚಹಾದ ಹೊತ್ತಿನಲ್ಲಿ ಅವನ ಹಾಳೆ ನೋಡಿದೆ. ಮೂಲೆಯಲ್ಲಿ ನನ್ನ ಕಿವಿ ಒಂದಿತ್ತು. ಬೆನ್ನು ಇಲ್ಲ. ದುಃಖವಂತೂ ಎಲ್ಲೂ ಇಲ್ಲ. ಕಿವಿಯ ಆಚೆ, ಹಾಳೆ ತುಂಬ, ಒಬ್ಬಳು ಹುಡುಗಿ. ಸರಿಯಾಗಿ ನನ್ನ ಎದುರಿಗೆ, ಮೊಳೆಯ ಕೆಳಗೆ ಕೂರುವ ಹುಬ್ಬಳ್ಳಿಯ ಹುಡುಗಿ. ಜಡೆಗೆ ಸಿಕ್ಕಿಸಿಕೊಂಡ ಬ್ರಷ್, ಕೆನ್ನೆಗೆ ಮೆತ್ತಿದ ಬಣ್ಣ, ಎಲ್ಲ ಇತ್ತು.

ಹುಡುಗ ನನ್ನನ್ನು ನೋಡಿ ಬೆವರಿದ. ನಾನು ನಿಧಾನವಾಗಿ ನೋಡಿದೆ.

"ಕಿವಿ ಚೆನ್ನಾಗಿ ಬಂದಿದೆ" ಅಂದೆ.

ಮಫ್ಲರ್

ಹುಡುಗಿ ನನ್ನ ಜೊತೆ ಮಾತಾಡತೊಡಗಿದ್ದು ಒಂದು ದಿನ ನನ್ನ ಕಾಲಿಗೆ ಸೆಳೆತ ಬಂದದ್ದರಿಂದ. "ಅಯ್ಯಪ್ಪಾ ಶಿವನೇ" ಅಂದುಬಿಟ್ಟೆ. ಅವಳ ಕೈಯಿಂದ ಬ್ರಷ್ ಬಿತ್ತು.

"ಅಜ್ಜಾರ! ನೀವು ನಮ್ಮ ಕಡೆಯವರೇನ್ರಿ!"

ಪಾಪ, ಊರು ಬಿಟ್ಟು ಹೊಸದಾಗಿ ಬಂದವಳು. ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ಆರು ತಿಂಗಳ ಮಾತು ಹೊಟ್ಟೆಯಲ್ಲಿ ಕಟ್ಟಿಕೊಂಡಿತ್ತು. ಅವತ್ತಿನಿಂದ ಶುರು. ಅವಳು ಬರೆಯುತ್ತಾ ಜೋರಾಗಿ ಕನ್ನಡದಲ್ಲಿ ಮಾತಾಡುವುದು, ನಾನು ಅಲ್ಲಾಡದೆ ಕೇಳುವುದು. ಹಾಸ್ಟೆಲ್ಲಿನ ರಾಜ್ಮಾ, ಮ್ಯಾಡಮ್‌ನ ಚಪ್ಪಲಿ, ಎಲ್ಲ ಬಂತು. ಇಲ್ಲಿ ಯಾರಿಗೆ ತಿಳಿಯುತ್ತೆ ಅನ್ನುವ ಧೈರ್ಯ. ದೆಹಲಿಗೆ ಬಂದ ನಮ್ಮವರೆಲ್ಲ ಮಾಡುವ ತಪ್ಪೇ ಇದು. ಬಸ್ಸಿನಲ್ಲಿ ಪಕ್ಕದವರ ಮೂಗಿನ ಬಗ್ಗೆ ಕನ್ನಡದಲ್ಲಿ ಮಾತಾಡುತ್ತೇವೆ. ಇಳಿಯುವಾಗ ಆ ಮೂಗಿನವರು "ಸ್ವಲ್ಪ ಜಾಗ ಬಿಡಿ" ಅನ್ನುತ್ತಾರೆ.

ನನಗೆ ಒಂದು ವಿಷಯ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಹಿಂದೆ ಕೂತ ರೋಹಿಣಿಯ ಹುಡುಗನಿಗೆ ದಿನಾ ಮಧ್ಯಾಹ್ನ ಅವನ ಅಮ್ಮನ ಫೋನ್ ಬರುತ್ತಿತ್ತು. ಆ ಕಡೆಯಿಂದ "ಊಟ ಆಯ್ತೇನೋ?" ಅಂತ ಕೇಳಿಸುತ್ತಿತ್ತು. ಇವನು "ಹಾಂ ಮಮ್ಮಿ, ಖಾ ಲಿಯಾ" ಅಂತ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದ.

ಒಂದು ದಿನ ಹುಡುಗಿ ಶುರು ಮಾಡಿದಳು.

"ಅಜ್ಜಾರ, ನಿಮ್ಮ ಹಿಂದ ಕುಂತಾನಲ್ರಿ, ಅಂವನ ಕುತ್ತಿಗಿ ನೋಡೀರೇನು? ಒಂಟೆ ಕುತ್ತಿಗಿ ಇದ್ದಂಗೈತಿ."

ನನ್ನ ಬೆನ್ನ ಹಿಂದೆ ಪೆನ್ಸಿಲ್ ಓಡುವ ಸದ್ದು ನಿಂತಿತು. ನಾನು ಹುಬ್ಬು ಎತ್ತಿ ಅವಳಿಗೆ ಸನ್ನೆ ಮಾಡಲು ನೋಡಿದೆ.

"ಅಂಕಲ್‌ಜೀ, ಹುಬ್ಬು!" ಅಂತ ಇಪ್ಪತ್ತು ಜನ ಕೂಗಿದರು. ಹುಬ್ಬು ಇಳಿಸಿದೆ.

"ಆದ್ರ ಅಜ್ಜಾರ," ಅಂದಳು, "ಕಣ್ಣು ಮಾತ್ರ ಭಾಳ ಚಂದ ಅದಾವ ನೋಡ್ರಿ."

ಹಿಂದೆ ಪಟ್ ಅಂತ ಪೆನ್ಸಿಲ್ ಮುರಿಯಿತು.

ಮರುದಿನ ಏಪ್ರಿಲ್ ತಿಂಗಳ ಬಿಸಿಲು. ಕಾಲೇಜಿನ ನಾಯಿಗಳೆಲ್ಲ ನಲ್ಲಿಯ ಕೆಳಗೆ ಮಲಗಿದ್ದವು. ಹುಡುಗ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಬಂದ. ಮೂರು ಸುತ್ತು.

ಹುಡುಗಿ ಮಫ್ಲರ್ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಮಫ್ಲರ್ ನೋಡಿದಳು. ಅವಳ ಮುಖ ಪ್ಯಾಲೆಟ್ಟಿನ ಕೆಂಪಿಗೆ ತಿರುಗಿತು.

"ಅಜ್ಜಾರ," ಅಂದಳು, ದನಿಯೇ ಇಲ್ಲ. "ಇಂವಗ ಕನ್ನಡ ತಿಳೀತೈತೇನ್ರಿ?"

ನಾನು ಮೊಳೆ ನೋಡಿದೆ.

ಮೂಗು ಮಧ್ಯದಲ್ಲಿತ್ತು

ಹುಡುಗಿ ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದವಳು ನೆಟ್ಟಗೆ ಅವನ ಹತ್ತಿರ ಹೋದಳು. "ಇದನ್ನ ತಗಿ. ನೋಡಿದ್ರ ನನಗ ಸೆಕಿ ಆಗ್ತೈತಿ." ಮಫ್ಲರ್ ಎಳೆದಳು. ಮೂರು ಸುತ್ತು ಇದ್ದದ್ದರಿಂದ ಹುಡುಗನೂ ಮೂರು ಸುತ್ತು ತಿರುಗಿದ. ತಿರುಗುವಾಗ ಅವನ ಫೈಲು ಬಿತ್ತು. ನನ್ನ ಕಿವಿಗಳು ನೆಲದ ತುಂಬ ಹರಡಿದವು, ಪ್ರತಿ ಕಿವಿಯ ಆಚೆಗೂ ಅವಳೇ.

ಅವಳು ಒಂದೊಂದಾಗಿ ನೋಡಿದಳು. ಹುಡುಗ ನನ್ನ ಕಡೆ ತಿರುಗಿ, "ಅಂಕಲ್‌ಜೀ, ಕನ್ನಡ ಸಮಝ್ ಆಗುತ್ತೆ. ಬೋಲ್ನೇ ಮೇ ಶರಮ್ ಆಗುತ್ತೆ" ಅಂದ. ಕನ್ನಡ ತಿಳಿಯುತ್ತೆ, ಆಡಲು ನಾಚಿಕೆ ಅಂತ. ಅವಳಿಗೆ ಹೇಳಬೇಕಾದ್ದನ್ನು ನನಗೆ ಹೇಳಿದ.

ನನಗೆ ಧೈರ್ಯ ಬಂದದ್ದು ಆಗಲೇ. ಒಂಬತ್ತು ತಿಂಗಳು ಕೇಳದೆ ಇದ್ದದ್ದನ್ನು ಕೇಳಿದೆ. "ನನ್ನ ಹೆಂಡತಿಯದೊಂದು ಚಿತ್ರ ಬರೆದುಕೊಡ್ತೀರಾ? ಇಬ್ಬರೂ ಸೇರಿ?" ಆಧಾರ್ ಕಾರ್ಡ್ ತೋರಿಸಿದೆ.

ಹುಡುಗಿ ಕಾರ್ಡ್ ನೋಡಿದಳು. "ಇದು ಬ್ಯಾಡ್ರಿ ಅಜ್ಜಾರ. ನೀವು ಹೇಳ್ರಿ, ನಾವು ಬರೀತೀವಿ."

ದಿನಾ ಕ್ಲಾಸು ಮುಗಿದ ಮೇಲೆ ಕ್ಯಾಂಟೀನಿನ ಬೇವಿನ ಮರದ ಕೆಳಗೆ ಮೂವರೂ ಕೂತೆವು.

"ಹೆಂಗಿದ್ರು?"

"ಚೆನ್ನಾಗಿದ್ದಳು."

"ಅದಲ್ರಿ. ಮೂಗು ಹೆಂಗಿತ್ತು?"

ಯೋಚನೆ ಮಾಡಿದೆ. "ಮಧ್ಯದಲ್ಲಿತ್ತು."

ಹೀಗೆ ಸಾಗಿತು. ಮೊದಲನೇ ಚಿತ್ರ ನಮ್ಮ ಓಣಿಯ ಹಾಲಿನವಳ ಹಾಗಿತ್ತು. ಎರಡನೆಯದು ನನ್ನ ಅತ್ತೆಯ ಹಾಗಿತ್ತು, ನೋಡಿ ಎದ್ದು ನಿಂತೆ. ಹುಡುಗ ಬರೆದ ಒಂದರಲ್ಲಿ ಸಿನಿಮಾದವಳ ಹಾಗೆ ನಗುತ್ತಿದ್ದಳು. "ಇಷ್ಟು ಚೆಂದ ಇದ್ದಿದ್ದರೆ ನನ್ನನ್ನು ಯಾಕೆ ಕಟ್ಟಿಕೊಳ್ತಿದ್ದಳು?" ಅಂದೆ. ಹಣೆ ಸರಿಹೋಯಿತು. ಕಣ್ಣು ಸರಿಹೋಯಿತು. ತುಟಿಗೆ ಬಂದರೆ ಮುಗಿಯಿತು. ನಗು ಬರೆದರೆ ಅವಳಲ್ಲ. ನಗು ತೆಗೆದರೆ ಅವಳಲ್ಲ. ತಿಂಗಳಾಯಿತು. ಹುಡುಗ ಹುಡುಗಿ ತುಟಿಯ ಬಗ್ಗೆ ಜಗಳವಾಡುತ್ತಿದ್ದರು, ಅವಳು ಕನ್ನಡದಲ್ಲಿ, ಇವನು ಹಿಂದಿಯಲ್ಲಿ. ಬರಬರುತ್ತಾ ಇವನ ಹಿಂದಿ ಕಡಿಮೆಯಾಯಿತು.

ನಾನು ಮಾತ್ರ ಸೋಲುತ್ತಿದ್ದೆ. ಒಂದು ರಾತ್ರಿ ಅನ್ನಿಸಿತು, ನನಗೇ ಗೊತ್ತಿಲ್ಲದ ಮುಖವನ್ನು ಮಕ್ಕಳು ಎಲ್ಲಿಂದ ತರುತ್ತಾರೆ? ಬೆಳಿಗ್ಗೆ ಹೋಗಿ ಬೇಡ ಬಿಡಿ ಅನ್ನಬೇಕೆಂದುಕೊಂಡೆ.

ಬೆಳಿಗ್ಗೆ ಕಟ್ಟೆಯ ಮೇಲೆ ಕೂತಿದ್ದೆ. ಎದುರಿಗೆ ಹುಡುಗಿ ಬೋರ್ಡಿಗೆ ಹೊಸ ಹಾಳೆ ಚುಚ್ಚುತ್ತಿದ್ದಳು. ಎರಡು ಕೈಯಲ್ಲೂ ಹಾಳೆ ಹಿಡಿದು ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದಳು. ಹುಡುಗ ಅವಳ ರಬ್ಬರ್ ಎತ್ತಿಕೊಂಡು ಹೋದ. ಅವಳು ಪಿನ್ನು ಬಿಡದೆ, ತುಟಿಯ ಒಂದು ಮೂಲೆಯಿಂದ ಬೈದಳು.

ನಾನು ಎದ್ದು ನಿಂತೆ. ಭಂಗಿಯ ನಡುವೆ ಎದ್ದದ್ದು ಆ ವರ್ಷದಲ್ಲಿ ಅದೇ ಮೊದಲ ಸಲ.

"ಅಂಕಲ್‌ಜೀ!" ಅಂತ ಎಲ್ಲರೂ ಕೂಗಿದರು.

"ಪಿನ್ನು!" ಅಂದೆ. "ಪಿನ್ನು!"

ನನ್ನ ಹೆಂಡತಿ ಮಾರ್ಕೆಟ್ಟಿನ ಅಂಗಡಿಗಳಿಗೆ ಸೀರೆಯ ಫಾಲ್ ಹೊಲಿದುಕೊಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ತುಟಿಯಲ್ಲಿ ಗುಂಡುಪಿನ್ನು. ಸಣ್ಣ ಮಾತುಗಳನ್ನು ಪಿನ್ನಿನ ಸಂದಿಯಲ್ಲೇ ಆಡುತ್ತಿದ್ದಳು. ದೊಡ್ಡ ಬೈಗುಳ ಇದ್ದರೆ ಪಿನ್ನು ತೆಗೆಯಬೇಕಾಗುತ್ತಿತ್ತು. ನಾನು ಅಂಗೈ ಚಾಚುತ್ತಿದ್ದೆ. ಅವಳು ಪಿನ್ನುಗಳನ್ನು ಅದರಲ್ಲಿ ಹಾಕುತ್ತಿದ್ದಳು. ನಾನು ಮುಷ್ಟಿ ಮುಚ್ಚಿ ತಲೆ ತಗ್ಗಿಸುತ್ತಿದ್ದೆ. ಅವಳು ಬೈದು ಮುಗಿಸಿ ಪಿನ್ನು ವಾಪಸು ತೆಗೆದುಕೊಳ್ಳುತ್ತಿದ್ದಳು. ಪ್ರೀತಿ ಅಂತ ನಾವು ಬೇರೆ ಏನೂ ಮಾಡಿಕೊಳ್ಳಲಿಲ್ಲ.

ಇದನ್ನೆಲ್ಲ ಹೇಳಿದೆ. ಹುಡುಗಿ ತಲೆ ಚಚ್ಚಿಕೊಂಡಳು.

"ಒಂದು ತಿಂಗಳಿಂದ ಮೂಗು, ಹುಬ್ಬು, ಗದ್ದ ಎಲ್ಲಾ ಕೇಳೀವಿ. ಇದನ್ನ ಯಾಕ ಹೇಳಲಿಲ್ರಿ ಅಜ್ಜಾರ?"

"ನೀವು ಮುಖ ಕೇಳಿದಿರಿ," ಅಂದೆ. "ಪಿನ್ನು ಕೇಳಲಿಲ್ಲ."

ಪರೀಕ್ಷೆ

ಮೇ ಕೊನೆಗೆ ಪರೀಕ್ಷೆ. ಹೊರಗಿನಿಂದ ಒಬ್ಬ ಹಿರಿಯ ಕಲಾವಿದರು ನೋಡಲು ಬರುತ್ತಾರೆ, ಉಸಿರು ಬಿಟ್ಟರೂ ಮೆಲ್ಲಗೆ ಬಿಡಿ ಅಂದಿದ್ದರು ಮ್ಯಾಡಮ್. ಚಿತ್ರ ಏನಾಯಿತು ಅಂತ ಹುಡುಗಿಯನ್ನು ಕೇಳಿದೆ. "ಇನ್ನೂ ಹಸಿ ಐತ್ರಿ" ಅಂದಳು. ಅವತ್ತು ಹುಡುಗ ನನ್ನ ಬೆನ್ನ ಹಿಂದೆ ಕೂರಲಿಲ್ಲ. ಮುಂದೆ, ಅವಳ ಪಕ್ಕದಲ್ಲಿ ಕೂತ. ಕುತ್ತಿಗೆ ಉದ್ದಕ್ಕೆ ಎತ್ತಿಕೊಂಡೇ ಕೂತ.

ಎರಡೂ ಕೈ ಮೊಣಕಾಲ ಮೇಲೆ. ಅದು ಅವತ್ತಿನ ಭಂಗಿ. ಅರ್ಧ ಮುಗಿಯಿತು. ಚಹಾಕ್ಕೆ ಬಿಟ್ಟರು. ಕುಡಿದು ಬಂದೆ. ಪಾದ ಗೆರೆಯೊಳಗೆ ಇಟ್ಟೆ. ಕೈ ಮೊಣಕಾಲ ಮೇಲೆ ಇಟ್ಟೆ. ಕಣ್ಣೆತ್ತಿ ಮೊಳೆ ನೋಡಿದೆ.

ಮೊಳೆ ಇರಲಿಲ್ಲ. ಅವಳಿದ್ದಳು.

ತುಟಿ ಬಿಗಿಹಿಡಿದು, ಮೂರು ಗುಂಡುಪಿನ್ನು ಕಚ್ಚಿಕೊಂಡು, ಎಡಹುಬ್ಬು ಸ್ವಲ್ಪ ಮೇಲೆತ್ತಿ, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಿರಿ ಅನ್ನುವ ಹಾಗೆ. ಅವಳೇ. ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ.

ನನ್ನ ಬಲಗೈ ಮೊಣಕಾಲಿನಿಂದ ಎದ್ದಿತು. ಅಂಗೈ ಮೇಲೆ ಮಾಡಿ ಮುಂದಕ್ಕೆ ಚಾಚಿತು. ನಾನು ಚಾಚಲಿಲ್ಲ. ಅದೇ ಚಾಚಿತು.

"ಅಂಕಲ್‌ಜೀ, ಕೈ! ಕೈ!" ಎಲ್ಲರೂ ಕೂಗಿದರು. ಪರೀಕ್ಷೆ ಅಲ್ಲವೇ. ಮೊಣಕಾಲ ಮೇಲಿನ ಕೈಯನ್ನು ಅರ್ಧ ಬರೆದಾಗಿತ್ತು. ನಾನು ವಾಪಸು ತರಲು ನೋಡಿದೆ. ಬರಲಿಲ್ಲ. ಮ್ಯಾಡಮ್ ಓಡಿಬಂದರು. ನನ್ನ ಮುಖ ನೋಡಿದರು. ತಿರುಗಿ ಮೊಳೆಗೆ ತೂಗುಹಾಕಿದ್ದ ಚಿತ್ರ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಎಲ್ಲರೂ ಕೈ ಅಳಿಸಿ. ಹೊಸದಾಗಿ ಬರೀರಿ."

"ಮ್ಯಾಡಮ್, ಒಂದೇ ಗಂಟೆ ಉಳಿದಿದೆ!"

"ಮತ್ತೆ ನನ್ನ ಮುಖ ಏನು ನೋಡ್ತೀರಿ? ಬರೀರಿ!"

ಒಂದು ಗಂಟೆ ಕೈ ಚಾಚಿಕೊಂಡು ಕೂತೆ. ಮೂವತ್ತು ವರ್ಷ ಸಲಾಂ ಹೊಡೆದ ಕೈ. ತಡೆಯಿತು. ಇನ್ನೊಂದು ದಿನ ಇಡು ಅಂದಿದ್ದರೂ ಇಡುತ್ತಿದ್ದೆ.

ಕೊನೆಯ ಹತ್ತು ನಿಮಿಷ ಇರುವಾಗ ಹಿರಿಯ ಕಲಾವಿದರು ಬಂದರು. ಬಿಳಿ ಗಡ್ಡ, ಕೈಯಲ್ಲಿ ಕೋಲು. ಒಂದೊಂದೇ ಬೋರ್ಡ್ ನೋಡುತ್ತಾ ಬಂದರು. ಎಲ್ಲದರಲ್ಲೂ ಒಬ್ಬ ಮುದುಕ ಕೈ ಚಾಚಿದ್ದಾನೆ. ಕಟ್ಟೆಯ ಮೇಲೂ ಒಬ್ಬ ಮುದುಕ ಕೈ ಚಾಚಿದ್ದಾನೆ. ಅವರು ಹುಡುಗಿಯ ಬೋರ್ಡಿನ ಹತ್ತಿರ ನಿಂತರು.

"ಚೆನ್ನಾಗಿದೆ. ಆದರೆ ಈ ಮನುಷ್ಯ ಏನು ಕೇಳ್ತಿದ್ದಾನೆ?"

ಪಕ್ಕದಲ್ಲಿದ್ದ ಹುಡುಗ ಎದ್ದು ನಿಂತ.

"ಪಿನ್ನು, ಸರ್."

"ಅಚ್ಛಾ" ಅಂದರು ಅವರು. ಒಳ್ಳೆಯ ಮನುಷ್ಯ. ಪಾಪ, ಮುದುಕ ಇಷ್ಟು ಹೊತ್ತಿನಿಂದ ಕೇಳುತ್ತಿದ್ದಾನೆ, ಯಾರೂ ಕೊಡುತ್ತಿಲ್ಲ ಅಂದುಕೊಂಡಿರಬೇಕು. ಹುಡುಗಿಯ ಬೋರ್ಡಿನಿಂದಲೇ ಪಟಪಟ ಎರಡು ಪಿನ್ನು ಕಿತ್ತರು. ಅವಳ ಪರೀಕ್ಷೆಯ ಹಾಳೆ ಜಾರಿ ನೆಲಕ್ಕೆ ಬಿತ್ತು. ಅವರು ಕಟ್ಟೆಯ ಹತ್ತಿರ ಬಂದು ಆ ಪಿನ್ನುಗಳನ್ನು ನನ್ನ ಅಂಗೈಯಲ್ಲಿ ಹಾಕಿದರು.

ಪಿನ್ನು ಬಿತ್ತು. ನಾನು ಮುಷ್ಟಿ ಮುಚ್ಚಿದೆ. ತಲೆ ತಗ್ಗಿಸಿದೆ. ಬೈಗುಳಕ್ಕೆ ಕಾದೆ.

ಬಂತು. ಇಪ್ಪತ್ತು ಬಾಯಿಂದ ಒಟ್ಟಿಗೆ ಬಂತು. ಎಲ್ಲಕ್ಕಿಂತ ಜೋರಾಗಿ ಕೂಗಿದವನು ರೋಹಿಣಿಯಲ್ಲಿ ಹುಟ್ಟಿ ಬೆಳೆದ, ಕನ್ನಡ ಆಡಲು ನಾಚುತ್ತಿದ್ದ ಹುಡುಗ. ಅದೂ ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ.

"ಅಜ್ಜಾರ! ಅಲ್ಲಾಡಬ್ಯಾಡ್ರಿ!"